ಕ್ರಿಯಾಪದ ಕೊನೆಗೆ: ಕನ್ನಡದಲ್ಲಿ ಟೈಪ್ ಮಾಡಿ ಆಡುವ ಸಾಹಸದಾಟ ಕೊನೆಗೂ ನಡೆದದ್ದು ಹೀಗೆ

ಟೈಪ್ ಮಾಡಿ ಆಡುವ ಸಾಹಸದಾಟ ಎಂದರೆ ಆಟ ಎದುರಿನ ಜಾಗವನ್ನು ಮಾತಿನಲ್ಲಿ ವರ್ಣಿಸುತ್ತದೆ, ಆಡುವವರು ಆಜ್ಞೆ ಬರೆದು ಮುಂದೆ ಹೋಗುತ್ತಾರೆ. ಅದು ಕನ್ನಡದಲ್ಲಿ ಆಗದು ಎಂದವರು ಒಬ್ಬಿಬ್ಬರಲ್ಲ. ‘ಬಟನ್ ಕೊಟ್ಟುಬಿಡ್ರಿ, ಮಂದಿ ಒತ್ತತಾರ. ಕನ್ನಡದಾಗ ಟೈಪ್ ಮಾಡವ್ರು ಯಾರದಾರ?’ ಎನ್ನುವುದು ಒಂದು ಮಾತು. ‘ವಿಭಕ್ತಿ ಬಿಡಿಸೂದ್ರಾಗೇ ನಿಮ್ಮ ಆಯುಷ್ಯ ಹೋಗ್ತದ’ ಎನ್ನುವುದು ಇನ್ನೊಂದು. ಈಗ ಕಲಬುರಗಿಯ ಮನೆಯ ಕಪಾಟಿನ ಮೇಲಿರುವ ಸಣ್ಣ ಕಂಪ್ಯೂಟರಿನಿಂದ ಟೆಲಿಗ್ರಾಮಿನಲ್ಲಿ ಮೂರು ಸಾಹಸ ನಡೆಯುತ್ತಿವೆ: ಸುರಂಗ ಬಾವಿ, ಬಿದರಿ ಕಪ್ಪು, ಹಜಾರ್ ಕೋಠಡಿ. ಮೂರರಲ್ಲೂ ಒಂದೇ ಒಂದು ಬಟನ್ ಇಲ್ಲ. ಶುರುವಿನಲ್ಲಿ ಲಾಗ್ (ಬಂದ ಆಜ್ಞೆಗಳ ದಾಖಲೆ) ನೋಡಿದರೆ ಹೆಚ್ಚುಕಡಿಮೆ ಮೂರು ಆಜ್ಞೆಗೆ ಒಂದರಂತೆ ‘ತಿಳೀಲಿಲ್ಲ’ ಎಂಬ ಉತ್ತರ ಹೋಗುತ್ತಿತ್ತು. ಈಗ ಇಪ್ಪತ್ತಕ್ಕೆ ಒಂದು. ಈ ಲೆಕ್ಕದ ಬಗ್ಗೆ ನನಗೆ ಹೆಮ್ಮೆ ಇದೆ.

ಬಾಟ್ ಎಂದರೆ ಟೆಲಿಗ್ರಾಮಿನಲ್ಲಿ ತಾನಾಗಿ ಉತ್ತರ ಕೊಡುವ ಪ್ರೋಗ್ರಾಂ. ಅದರ ಟೋಕನ್, ಅದನ್ನು ಬರೆದ ಪೈಥಾನ್ ಭಾಷೆ, ಎಸ್‌ಕ್ಯೂಲೈಟ್ ಡೇಟಾಬೇಸ್ ಇವನ್ನು ಇಲ್ಲಿ ವಿವರಿಸುವುದಿಲ್ಲ. ನೇರ ತೊಡಕಿಗೆ ಬರುತ್ತೇನೆ.

ಮೊದಲು ನಾನೂ ಬಟನ್ ದಾರಿಯನ್ನೇ ಹಿಡಿದಿದ್ದೆ. ಟೆಲಿಗ್ರಾಮ್ ಬಟನ್ನಿನ ಬೆನ್ನಿಗೆ ಕಟ್ಟುವ ಮಾಹಿತಿಗೆ 64 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತವೂ (ಅಕ್ಷರ ಬೇರೆ, ಅದಕ್ಕೆ ಹತ್ತುವ ಗುಣಿತದ ಚಿಹ್ನೆ ಬೇರೆ ಎಣಿಕೆ) ಕಂಪ್ಯೂಟರ್ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್. ‘ಬಾವಿಯೊಳಗೆ ಇಳಿಯಿರಿ’ ಎಂದರೆ 49 ಬೈಟ್, ಸಲೀಸಾಗಿ ಹೋಗುತ್ತದೆ. ಅದರ ಮುಂದೆ ‘ಸುರಂಗ’ ಸೇರಿಸಿದರೆ 65. ಒಂದೇ ಒಂದು ಬೈಟ್ ಹೆಚ್ಚು, ಸಂದೇಶವೇ ಹೋಗುವುದಿಲ್ಲ. ವಾಕ್ಯ ಬಿಟ್ಟು ಅಂಕಿ ಕಟ್ಟಿದರೆ ಇದು ಬಗೆಹರಿಯುತ್ತದೆ, ನಿಜ. ಆದರೆ ನಾಲ್ಕು ಬಟನ್ ಎದುರಿಗಿಟ್ಟರೆ ಒಗಟು ಒಗಟಾಗಿ ಉಳಿಯುವುದಿಲ್ಲ. ಆಡುವವರು ನಾಲ್ಕನ್ನೂ ಸಾಲಾಗಿ ಒತ್ತಿ ಮುಂದೆ ಹೋಗುತ್ತಾರೆ. ಎರಡು ತಿಂಗಳ ಕೆಲಸ ಅಲ್ಲಿಗೆ ತೆಗೆದುಹಾಕಿದೆ.

ಆಮೇಲಿನ ತಪ್ಪು ಇನ್ನೂ ದೊಡ್ಡದು. 1976ರಲ್ಲಿ ವಿಲ್ ಕ್ರೌಥರ್ ಬರೆದು, ಮರುವರ್ಷ ಡಾನ್ ವುಡ್ಸ್ ಬೆಳೆಸಿದ ಗುಹೆಯ ಆಟದಿಂದ ಬಂದ ಪದ್ಧತಿ ಎಂದರೆ ಎರಡು ಪದ, ಮೊದಲು ಕ್ರಿಯೆ, ಆಮೇಲೆ ವಸ್ತು. ಆ ಎಂಜಿನ್ನಿನ ಪದಪಟ್ಟಿಯನ್ನಷ್ಟೇ ಕನ್ನಡಕ್ಕೆ ತಂದು ಕೂರಿಸಿದ್ದೆ. ‘ಹಚ್ಚು ದೀಪ’ ಎಂದು ಬರೆಯಿರಿ ಅಂತ ಸೂಚನೆಯನ್ನೂ ಕೊಟ್ಟಿದ್ದೆ. ಯಾರೂ ಹಾಗೆ ಬರೆಯಲಿಲ್ಲ, ಬರೆಯಬೇಕಾಗಿಯೂ ಇಲ್ಲ. ಅದನ್ನು ತಲೆಕೆಳಗು ಮಾಡಿ ಬಾಲದಿಂದ ಓದುವ ಪಾರ್ಸರ್ (ಆಜ್ಞೆಯನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಭಾಗ) ಬರೆದ ದಿನವೇ ಅರ್ಧ ಕೆಲಸ ಮುಗಿಯಿತು. ಕೊನೆಯ ಪದ ತೆಗೆದುಕೊಳ್ಳಿ, ಅದರ ತುದಿಯ ‘ರಿ’, ‘ತೀನಿ’, ‘ಬೇಕು’ ಸುಲಿಯಿರಿ, ಉಳಿದದ್ದು ಕ್ರಿಯೆ. ‘ಇಳಿ, ಇಳೀರಿ, ಇಳೀತೀನಿ’ ಎಲ್ಲ ಒಂದೇ ಗೂಡಿಗೆ ಬೀಳುತ್ತವೆ. ಕೊನೆಗೆ ‘ಬ್ಯಾಡ’ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಬಾಲದಿಂದ ಓದುವುದರಲ್ಲಿ ಇನ್ನೊಂದು ಲಾಭ ಇದೆ. ‘ದೀಪ ಹಚ್ಚಿ ಬಾವ್ಯಾಗ ಇಳಿ’ ಎಂದರೆ ಎರಡು ಆಜ್ಞೆ. ‘ಹಚ್ಚಿ’ ಎಂಬ ಕಡೆ ಕತ್ತರಿಸಿದರೆ ಸಾಕು. ‘ಹಗ್ಗ ಕಟ್ಟಿ ಕಲ್ಲ ಸರಿಸಿ ಒಳಗ ಹೋಗು’ ಎಂದರೆ ಮೂರು. ಒಂದು ಸಾಲಿನಲ್ಲಿ ಮೂರು ಹೆಜ್ಜೆ ಹಾಕಬಹುದು ಎಂದು ಗೊತ್ತಾದ ಮೇಲೆ ಆಡುವವರ ಕೈ ಓಡತೊಡಗಿತು. ‘ಹಗ್ಗ ತಗೊಂಡು ಹೋಗು’ ಎಂಬಲ್ಲಿ ಅದು ಒಂದು ಕ್ರಿಯೆಯೋ ಎರಡೋ ಎಂದು ತೀರ್ಮಾನಿಸಲು ನಾನು ಒಂದು ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮೂರು ವಾರ ತಿಂದ ಉಪಾಯ ಅದು.

ನಿಜವಾಗಿ ಕಾಡಿದ್ದು ವಿಭಕ್ತಿ ಅಲ್ಲ, ನಮ್ಮ ಕಡೆಯ ಕ್ರಿಯಾಪದಗಳು. ಕಲಬುರಗಿಯಲ್ಲಿ ದೀಪ ಹಚ್ಚುತ್ತಾರೆ, ಎಣ್ಣೆ ಹಚ್ಚುತ್ತಾರೆ, ಸಸಿಯನ್ನೂ ಹಚ್ಚುತ್ತಾರೆ. ಬಾಗಿಲು ತೆಗೆದರೆ ಅದು ತೆರೆಯುತ್ತದೆ, ಚೀಲದಿಂದ ಕತ್ತಿ ತೆಗೆದರೆ ಅದು ಕೈಗೆ ಬರುತ್ತದೆ. ಬಾಗಿಲು ಹಾಕು, ನೀರು ಹಾಕು, ಅಂಗಿ ಹಾಕು: ಒಂದೇ ಪದ, ಮೂರು ಕೆಲಸ. ಕ್ರಿಯೆಗೆ ಒಂದು ಅರ್ಥ, ಅದಕ್ಕೆ ನಾಲ್ಕು ಪರ್ಯಾಯ ಪದ ಎಂದು ಪಟ್ಟಿ ಮಾಡುವ ಹಳೆಯ ರೀತಿ ಇಲ್ಲಿ ಮುರಿದುಬೀಳುತ್ತದೆ. ನಾನು ಮಾಡಿದ್ದು ಕೋಷ್ಟಕ. ಅಡ್ಡಕ್ಕೆ ಸುಮಾರು 35 ಕ್ರಿಯೆ, ಉದ್ದಕ್ಕೆ ವಸ್ತುವಿನ ಜಾತಿ ಒಂಬತ್ತು: ಉರಿಯುವುದು, ಹರಿಯುವುದು, ಮುಚ್ಚುವುದು, ತೊಡುವುದು, ಹೀಗೆ. ‘ಹಚ್ಚು’ ಮತ್ತು ‘ಉರಿಯುವುದು’ ಕೂಡುವ ಚೌಕದಲ್ಲಿ ಬೆಳಕಿನ ಕೆಲಸ. ‘ಹಚ್ಚು’ ಮತ್ತು ‘ಹರಿಯುವುದು’ ಕೂಡುವಲ್ಲಿ ಸವರುವ ಕೆಲಸ. ಖಾಲಿ ಚೌಕಕ್ಕೂ ಒಂದೊಂದು ಉತ್ತರ ಬರೆದಿಡಿ. ‘ಕಲ್ಲು ಹಚ್ಚು’ ಎಂದವರಿಗೆ ‘ತಿಳೀಲಿಲ್ಲ’ ಎನ್ನುವ ಬದಲು ‘ಕಲ್ಲು ಹತ್ತಿ ಉರಿಯೂದಿಲ್ಲ’ ಎಂದರೆ ಅವರು ಮತ್ತೊಂದು ಪ್ರಯತ್ನ ಮಾಡುತ್ತಾರೆ.

ವಿಭಕ್ತಿಯ ಭಯ ಮುಕ್ಕಾಲು ಸುಳ್ಳು. ಲಾಗಿನಲ್ಲಿ ‘ದೀಪವನ್ನು’ ಎಂದು ಬರೆದವರು ಬಲು ಕಮ್ಮಿ. ಜೀವವಿಲ್ಲದ ವಸ್ತುವಿಗೆ ನಾವು ‘ಅನ್ನು’ ಹಚ್ಚುವುದೇ ಅಪರೂಪ. ಬೇಕಾಗುವುದು ‘ಗೆ’, ‘ಕ್ಕೆ’, ‘ಇಂದ’, ‘ಅಲ್ಲಿ’, ನಮ್ಮ ‘ಆಗ’. ತುದಿಯದನ್ನು ಮೊದಲು ಸುಲಿಯಬೇಕು: ‘ಬಾವ್ಯಾಗಿಂದ’ ಬಂದರೆ ಮೊದಲು ‘ಇಂದ’, ಆಮೇಲೆ ‘ಆಗ’. ಇಲ್ಲಿ ನಾನು ಎಡವಿದ್ದು ಎರಡು ಪದದಲ್ಲಿ. ‘ನ್ನು’ ಕಂಡಲ್ಲಿ ಸುಲಿ ಎಂಬ ನಿಯಮ ‘ಹೊನ್ನು’ ಎಂಬುದನ್ನು ‘ಹೊ’ ಮಾಡಿತು. ವಾರಪೂರ್ತಿ ಯಾರಿಗೂ ಹೊನ್ನು ಎತ್ತಲು ಆಗಲಿಲ್ಲ. ‘ಕಲ್ಲಿಗೆ’ ಎಂಬುದನ್ನು ‘ಕಲ್ಲು’ ಮಾಡುವ ನಿಯಮ ‘ಮಲ್ಲಿಗೆ’ಯನ್ನು ‘ಮಲ್ಲು’ ಮಾಡಿತು. ‘ಮಲ್ಲು ಇಲ್ಲಿ ಇಲ್ಲ’ ಎಂದು ಬಾಟ್ ಹೇಳಿದರೆ, ಮನೆಗೊಬ್ಬ ಮಲ್ಲು ಇರುವ ಈ ಊರಿನಲ್ಲಿ ಅದು ಆಟದ ಪಾತ್ರವೆಂದೇ ತಿಳಿದು ಹುಡುಕಿದರು. ಪರಿಹಾರ ಸರಳ: ಪದ ಇಡಿಯಾಗಿ ನಿಘಂಟಿನಲ್ಲಿ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಮಾತ್ರ ಸುಲಿಯಿರಿ.

ಇದಕ್ಕೂ ಮುಂಚೆ ಒಂದು ಶುದ್ಧಿ ಆಗಬೇಕು. ‘ತಗೊ’ ಎಂಬಲ್ಲಿಯ ಒತ್ವ ಒಂದೇ ಸಂಕೇತವಾಗಿ ಬರಬಹುದು, ಇಲ್ಲವೇ ಎತ್ವ ಮತ್ತು ಊಕಾರದ ಚಿಹ್ನೆ ಎರಡು ಸೇರಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಎನ್‌ಎಫ್‌ಸಿ ರೂಪಕ್ಕೆ ತನ್ನಿ (ಯುನಿಕೋಡಿನ ಈ ರೂಪ ಎರಡನ್ನೂ ಒಂದೇ ಸಂಕೇತ ಮಾಡುತ್ತದೆ), ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಅಳಿಸಿ, ಆಮೇಲೆ ಹೋಲಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೆ ಬೇರೆಯೇ ದಾರಿ: ಜೋಡಿ ಅಕ್ಷರ ಒಂಟಿ ಮಾಡಿ, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನದ ಅಸ್ಥಿಪಂಜರವನ್ನಷ್ಟೇ ಹೋಲಿಸುವುದು. ಆ ಕೋಣೆಯಲ್ಲಿರುವ ವಸ್ತುಗಳ ಜೊತೆ ಮಾತ್ರ ಹೋಲಿಸಿ, ಇಡೀ ನಿಘಂಟಿನ ಜೊತೆ ಬೇಡ.

ಈಗ ಸಾಹಸಗಳು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸುರಂಗ ಬಾವಿ. ಕ್ರೌಥರ್ ತಾನು ಅಳೆದಿದ್ದ ಕೆಂಟಕಿಯ ಮ್ಯಾಮತ್ ಗುಹೆಯನ್ನೇ ಆಟಕ್ಕೆ ಇಳಿಸಿದ್ದು. ನಮಗೆ ಅಂಥದ್ದನ್ನು ಕಲ್ಪಿಸುವ ಅಗತ್ಯವೇ ಇಲ್ಲ, ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್, ಅಂದರೆ ನೀರು ಹರಿಸುವ ಸುರಂಗ ಇದೆ. ನೆಲದಡಿ 3 ಕಿಲೋಮೀಟರಿಗೂ ಉದ್ದ, ಮೇಲಿನಿಂದ ಇಳಿಬಿಟ್ಟ 21 ಗಾಳಿಬಾಯಿ. ನಕ್ಷೆ ತಾನಾಗಿಯೇ ಸಿದ್ಧ: 21 ಬೆಳಕಿನ ತಾಣ, ನಡುವೆ 20 ಕತ್ತಲ ತುಂಡು. ಮೊದಲ ರೂಪದಲ್ಲಿ ಮೂಡಣ, ಪಡುವಣ ಎಂದು ದಿಕ್ಕು ಕೊಟ್ಟೆ. ನೆಲದೊಳಗೆ ಮೂಡಣ ಯಾವುದು ಎಂದು ಯಾರಿಗೆ ಗೊತ್ತು? ಅದನ್ನು ತೆಗೆದು ‘ನೀರಿನ ಜೋಡಿ ಹೋಗು’, ‘ನೀರಿಗೆದುರು ಹೋಗು’ ಮಾಡಿದೆ. ದಿಕ್ಕಿಲ್ಲದೆ ಆಟ ನಡೆಯದು ಎಂದವರೇ ಆಮೇಲೆ ಇದನ್ನು ಮೆಚ್ಚಿದರು.

ಕೋಣೆಗಳೆಲ್ಲ ಒಂದೇ ಥರ ಇವೆ ಎಂಬ ದೂರು ಬಂತು. ಕಲ್ಲು, ನೀರು, ಕತ್ತಲು ಬಿಟ್ಟರೆ ಅಲ್ಲಿ ಇರುವುದಾದರೂ ಏನು? ಬೆಳಕಿನಿಂದ ಎಷ್ಟು ದೂರ ಎಂಬುದರ ಮೇಲೆ ವರ್ಣನೆ ಬದಲಿಸಿದೆ. ಗಾಳಿಬಾಯಿಯ ಕೆಳಗೆ ನಿಂತರೆ ಈಗ ಹೀಗೆ ಬರುತ್ತದೆ: ‘ತಲಿ ಮ್ಯಾಲ ರೊಟ್ಟಿಯಷ್ಟಗಲ ಆಕಾಶ. ಮೊಣಕಾಲ ಮಟ ನೀರು, ಎಡಕ್ಕಿಂದ ಬಲಕ್ಕ ಹರೀತದ. ಗ್ವಾಡಿ ಮ್ಯಾಲ ಉಳಿ ಏಟಿನ ಗುರುತು.’ ಇದಕ್ಕಿಂತ ಉದ್ದ ಬರೆಯಬೇಡಿ. ನಲವತ್ತು ಪದ ದಾಟಿದ ವರ್ಣನೆಯ ನಂತರ ‘ಏನೈತಿ ಇಲ್ಲಿ’ ಎಂದು ಮತ್ತೆ ಕೇಳುವವರೇ ಹೆಚ್ಚು.

ದೀಪದ ಎಣ್ಣೆಯ ಲೆಕ್ಕವೇ ಈ ಸಾಹಸದ ಜೀವ. ಒಂದು ಕತ್ತಲ ತುಂಡಿಗೆ ಮೂರು ಹೆಜ್ಜೆ, ಗಾಳಿಬಾಯಿಗೆ ಒಂದು. ಎಣ್ಣೆ 40 ಹೆಜ್ಜೆಗೆ ಇಟ್ಟಾಗ ಹತ್ತನೇ ಬಾಯಿಯ ಹೊತ್ತಿಗೆ ಎಲ್ಲರ ದೀಪವೂ ಆರಿತು, ಮಂದಿ ಬೇಸತ್ತು ಬಿಟ್ಟರು. 90 ಇಟ್ಟರೆ ದೀಪ ಆರಿಸದೆ ನಡೆದರೂ 81ಕ್ಕೆ ದಾರಿ ಮುಗಿಯುತ್ತದೆ, ಹೆದರಿಕೆಯೇ ಇಲ್ಲ. 66ಕ್ಕೆ ತಂದೆ. ಬೆಳಕಿರುವ ಕಡೆ ‘ದೀಪ ಆರಿಸು’ ಎಂದವರಿಗೆ ಕತ್ತಲಿಗೆ 60 ಸಾಕು, 6 ಹೆಜ್ಜೆ ಮಿಗುತ್ತದೆ. ತಪ್ಪು ಮಾಡಲು ಅಷ್ಟೇ ಜಾಗ. ನೀರು ಕಾಯುವ ಜೀವಿಯೊಂದು ಅಲ್ಲಿದೆ, ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ಹೊಡಿ, ಒಡಿ, ಕೂಗು ಇವಕ್ಕೆ ಸದ್ದಿನ ಲೆಕ್ಕ ಎರಡೆರಡು ಏರುತ್ತದೆ, ಸುಮ್ಮನಿದ್ದರೆ ಒಂದು ಇಳಿಯುತ್ತದೆ, ಆರಕ್ಕೆ ಮುಟ್ಟಿದರೆ ಅದು ಬರುತ್ತದೆ. ಬಂದ ಮೇಲೆ ಏನು ಮಾಡಬೇಕು ಎಂಬುದು ಆಡುವವರ ಪಾಲಿಗೆ.

ಬಿದರಿ ಕಪ್ಪು ಎಂಬುದು ಕೈಕೆಲಸದ ಒಗಟು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಕರಗಿಸಿ ಎರಕ ಹೊಯ್ಯುವುದು. ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿ ಮೇಲ್ಮೈ ಕಪ್ಪು ಮಾಡುವುದು, ಆಗ ಕೆತ್ತನೆಯ ಗೆರೆ ಕಾಣುತ್ತದೆ. ಕೆತ್ತಿ ಬೆಳ್ಳಿ ತಂತಿ ಕೂರಿಸುವುದು. ಮತ್ತೆ ಉಜ್ಜಿದಾಗ ಆ ಮೊದಲ ಕಪ್ಪು ಹೋಗಿಬಿಡುತ್ತದೆ. ಕೊನೆಗೆ ಬಿಸಿ ಮಾಡಿ, ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಡು ಕಪ್ಪುಗಳಲ್ಲಿ ಒಂದು ಹೋಗುವಂಥದ್ದು, ಒಂದು ಉಳಿಯುವಂಥದ್ದು. ಒಗಟೆಲ್ಲ ಅಲ್ಲೇ ಇದೆ. ಬೀಗದ ಕೈಯ ಮೇಲಿನ ಮಂತ್ರ ಎರಡನೇ ಕಪ್ಪು ಬಂದ ಮೇಲೆಯೇ ಓದಲು ಸಿಗುತ್ತದೆ.

ಮೊದಲು ತಪ್ಪು ಹೆಜ್ಜೆಗೆ ‘ಈಗ ಆಗೂದಿಲ್ಲ’ ಎಂದು ತಡೆದಿದ್ದೆ. ಅದರಿಂದ ಎಲ್ಲರೂ ಒಂದೊಂದೇ ಪ್ರಯತ್ನಿಸಿ ಐದು ನಿಮಿಷದಲ್ಲಿ ಮುಗಿಸಿದರು. ಈಗ ತಡೆಯುವುದಿಲ್ಲ. ನವಸಾಗರ ಮೊದಲೇ ಹಚ್ಚಿದರೆ ಲೋಹ ಕಪ್ಪಾಗುತ್ತದೆ. ಆಮೇಲೆ ಉಳಿ ಇಟ್ಟಲ್ಲೆಲ್ಲ ಬಿಳಿ ಲೋಹ ಹೊರಬಿದ್ದು ಕೆಲಸ ಕೆಡುತ್ತದೆ, ಮತ್ತೆ ಎರಕದಿಂದ ಶುರು. ಕೆಡುವುದಕ್ಕೆ ಕಾರಣ ಕಣ್ಣೆದುರು ಇರುವುದರಿಂದ ಯಾರೂ ಬಾಟನ್ನು ಬೈಯುವುದಿಲ್ಲ. ಮಣ್ಣಿನ ಐದು ಗುಡ್ಡೆ ಇಟ್ಟಿದ್ದೇನೆ. ಬಿಸಿಲು ಮಳೆ ಕಾಣದ ಮಣ್ಣೇ ಆಗಬೇಕು. ಕುಶಲಕರ್ಮಿಗಳು ನಾಲಗೆಗೆ ಹಚ್ಚಿ ಮಣ್ಣಿನ ಗುಣ ನೋಡುವುದುಂಟು. ‘ಮಣ್ಣು ನಾಲಿಗಿಗೆ ಹಚ್ಚು’ ಎಂದು ತಾನಾಗಿ ಬರೆದವರನ್ನು ಲಾಗಿನಲ್ಲಿ ಕಂಡಾಗ, ಕೋಷ್ಟಕಕ್ಕೆ ಪಟ್ಟ ಶ್ರಮ ಕೈಗೆ ಬಂತು ಅನ್ನಿಸಿತು.

ಹಜಾರ್ ಕೋಠಡಿ ನಾಲ್ವರ ಆಟ, ಬೀದರ ಕೋಟೆಯ ನೆಲಮಾಳಿಗೆಗಳಲ್ಲಿ ನಡೆಯುವಂಥದ್ದು. ಗುಂಪಿನಲ್ಲಿ ಆಡಿಸಿದ್ದು ಸೋಲು: ಒಂದೇ ಗುಂಪಿಗೆ ನಿಮಿಷಕ್ಕೆ 20ಕ್ಕಿಂತ ಹೆಚ್ಚು ಸಂದೇಶ ಬಾಟ್ ಕಳಿಸುವಂತಿಲ್ಲ, ನಾಲ್ವರು ಬಿರುಸಾಗಿ ಆಡಿದರೆ ‘ಮಿತಿ ಮೀರಿತು’ ಎಂಬ 429 ದೋಷ ಬಂದು ಆಟ ನಿಲ್ಲುತ್ತದೆ. ಆರು ಸೆಕೆಂಡಿನ ಆಜ್ಞೆಗಳನ್ನು ಕೂಡಿಸಿ ಒಂದೇ ಉತ್ತರ ಕೊಟ್ಟೆ, ನಿಮಿಷಕ್ಕೆ 10ಕ್ಕೆ ಇಳಿಯಿತು. ಆದರೂ ಬೇರೆ ಕೋಣೆಯವನ ಗುಟ್ಟು ಎಲ್ಲರಿಗೂ ಕಾಣುತ್ತಿತ್ತು. ಈಗ ಪ್ರತಿಯೊಬ್ಬರೂ ಬಾಟಿನ ಜೊತೆ ಖಾಸಗಿಯಾಗಿ ಮಾತಾಡುತ್ತಾರೆ. ‘ಗ್ವಾಡಿ ತಟ್ಟು’ ಎಂದರೆ ಪಕ್ಕದ ಕೋಣೆಯವರಿಗೆ ಮಾತ್ರ ಕೇಳಿಸುತ್ತದೆ. ಎರಡೂ ತೊಡಕು ಒಟ್ಟಿಗೇ ಹೋದವು.

ನಡುವೆ ಎಸ್‌ಎಂಎಸ್ ಮೇಲೆ ಆಡಿಸುವ ಹುಚ್ಚು ಹತ್ತಿತ್ತು, ಸಾದಾ ಫೋನಿನವರಿಗೂ ಸಿಗಲಿ ಎಂದು. ಕನ್ನಡದ ಒಂದು ಎಸ್‌ಎಂಎಸ್ಸಿಗೆ 70 ಸಂಕೇತ, ಜೋಡಿಸಿದರೆ ತುಂಡಿಗೆ 67. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತ ತಿನ್ನುತ್ತದೆ. 350 ಸಂಕೇತದ ಕೋಣೆ ಎಂದರೆ ಆರು ತುಂಡು, ಆರರ ದುಡ್ಡು. ಮೇಲಾಗಿ ಸಗಟು ಸಂದೇಶಕ್ಕೆ ಮಾದರಿ ಪಠ್ಯ ಮೊದಲೇ ನೋಂದಾಯಿಸಬೇಕು. ಕ್ಷಣಕ್ಕೊಂದು ಮಾತು ಹುಟ್ಟುವ ಆಟಕ್ಕೆ ಅದು ಒಗ್ಗದು. ಎರಡು ಸಾವಿರದಷ್ಟು ಕಳೆದು ಕೈಬಿಟ್ಟೆ. ಕವಡೆಯ ಪ್ರಯೋಗ ಮಾತ್ರ ಉಳಿಯಿತು: ಅದೃಷ್ಟಕ್ಕೆ ಬಿಡುವ ಕಡೆ ಇಪ್ಪತ್ತು ಮುಖದ ದಾಳದ ಬದಲು ನಾಲ್ಕು ಕವಡೆ. ಕವಡೆ ಎರಡೂ ಮಗ್ಗುಲಿಗೆ ಸಮಾನವಾಗಿ ಬೀಳುತ್ತದೆ ಎಂದುಕೊಂಡರೆ ನಾಲ್ಕೂ ಬಾಯ್ದೆರೆದು ಬೀಳುವುದು 16ಕ್ಕೆ 1, ಎರಡು ಬೀಳುವುದು 16ಕ್ಕೆ 6. ಚೌಕಾಬಾರಾ ಆಡಿದವರಿಗೆ ಇದನ್ನು ವಿವರಿಸುವುದೇ ಬೇಡ.

ದುಡ್ಡಿನ ಲೆಕ್ಕ. ರಾಸ್ಪ್‌ಬೆರಿ ಪೈ 4 ಎಂಬ ಆ ಸಣ್ಣ ಕಂಪ್ಯೂಟರ್ ಕೊಂಡಾಗ ಐದು ಸಾವಿರದ ಆಸುಪಾಸು ಇತ್ತು. ಕರೆಂಟ್ ಹೋಗಿ ಬಂದು ಎರಡು ಮೆಮೊರಿ ಕಾರ್ಡ್ ಸತ್ತವು, ತಲಾ ಐದುನೂರು. ಎರಡನೆಯದರ ಜೊತೆ ಹನ್ನೆರಡು ದಿನದ ಆಟಗಳೂ ಹೋದವು. ಡೇಟಾಬೇಸನ್ನು ಯುಎಸ್‌ಬಿ ಎಸ್‌ಎಸ್‌ಡಿಗೆ ಸಾಗಿಸಿದೆ, ಹೆಚ್ಚೆಂದರೆ ಎರಡು ಸಾವಿರ. ಸಣ್ಣ ಯುಪಿಎಸ್‌ಗೆ ಹದಿನೈದು ನೂರು. ಮೇ ತಿಂಗಳಿನಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುವಾಗ ಪೈ 80 ಡಿಗ್ರಿ ಮುಟ್ಟಿ ತಾನೇ ವೇಗ ತಗ್ಗಿಸುತ್ತದೆ. ಫ್ಯಾನ್ ಇರುವ ಅಲ್ಯೂಮಿನಿಯಂ ಪೆಟ್ಟಿಗೆ ನಾಲ್ಕುನೂರಕ್ಕೆ ಸಿಕ್ಕಿತು. ಎಸ್‌ಎಂಎಸ್ ಸೇರಿ ಹನ್ನೆರಡು ಸಾವಿರ ಅನ್ನಿ. ಸಾಹಸಕ್ಕೆ 50 ರೂಪಾಯಿಯಂತೆ ಯುಪಿಐನಲ್ಲಿ ಇದುವರೆಗೆ ಏಳೆಂಟು ಸಾವಿರ ಬಂದಿದೆ.

ನಾಲ್ಕನೆಯ ಸಾಹಸ ಕನಗನಹಳ್ಳಿಯ ಮೇಲೆ, ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪ ಸಿಕ್ಕ ಭೀಮೆಯ ದಂಡೆ. ಬ್ರಾಹ್ಮಿಗೆ ಯುನಿಕೋಡ್ ಇದೆ, ಆದರೆ ಬಹಳಷ್ಟು ಫೋನಿನಲ್ಲಿ ಫಾಂಟ್ ಇಲ್ಲದೆ ಚೌಕಗಳೇ ಕಾಣುತ್ತವೆ. ಅಕ್ಷರಕ್ಕೊಂದು ಚಿತ್ರ ಮಾಡಿ ಕಳಿಸುತ್ತಿದ್ದೇನೆ, ಚಿತ್ರಕ್ಕೆ ಟೆಲಿಗ್ರಾಮ್ ಕೊಡುವ ಐಡಿ ಒಮ್ಮೆ ಸಿಕ್ಕರೆ ಮತ್ತೆ ಏರಿಸಬೇಕಾಗಿಲ್ಲ. ಹದಿನೇಳು ಅಕ್ಷರ ಆಗಿವೆ.