ಡಾಂಟೆಯ ನರಕವನ್ನು ನಾನು ಓದಿದ್ದು ಹೀಗೆ

ಎಂ.ಎ. ಇಂಗ್ಲಿಷ್ ಓದುವಾಗ ನಮಗೆ ಇಟಲಿಯ ಕವಿ ಡಾಂಟೆಯ ‘ಇನ್ಫರ್ನೊ’ ಪಠ್ಯವಾಗಿತ್ತು. ಕವಿ ತಾನೇ ನರಕದೊಳಗೆ ನಡೆದು ಹೋಗಿ ಕಂಡದ್ದನ್ನು ಹೇಳುವ ಕಾವ್ಯ ಅದು. ಅಸೈನ್‌ಮೆಂಟ್‌ಗೆ ನಾನು ಮೂರು ಕಾಲಮ್ಮಿನ ಟೇಬಲ್ ಮಾಡಿದ್ದೆ. ಪಾಪ, ಶಿಕ್ಷೆ, ಕಾರಣ. ಕಾಮುಕರಿಗೆ ಬಿರುಗಾಳಿ, ಹೊಟ್ಟೆಬಾಕರಿಗೆ ನಾರುವ ಮಳೆ, ಜಿಪುಣರಿಗೆ ಎದೆಯಿಂದ ತಳ್ಳುವ ಬಂಡೆ. ಗೈಡ್ ನೋಡಿ ಬರೆದದ್ದು, ತಪ್ಪೇನೂ ಇರಲಿಲ್ಲ. ಮೇಡಂ ವಾಪಸ್ ಕೊಟ್ಟಾಗ ಕೊನೆಯ ಪುಟದ ಕೆಳಗೆ ಪೆನ್ಸಿಲ್‌ನಲ್ಲಿ ಒಂದೇ ಸಾಲು ಇತ್ತು: ‘ಇದನ್ನೆಲ್ಲ ಓದುವಾಗ ನಿಮಗೆ ಏನನ್ನಿಸಿತು?’

ನನಗೆ ಏನೂ ಅನ್ನಿಸಿರಲಿಲ್ಲ. ಕಾವ್ಯವನ್ನು ಅಲ್ಲಲ್ಲಿ ತೆರೆದು ನೋಡಿದ್ದೆ ಅಷ್ಟೆ. ಆ ಸಾಲು ಎರಡು ದಿನ ಕಾಡಿತು. ಮೂರನೇ ದಿನ ಮೊದಲನೇ ಸರ್ಗದಿಂದ ಶುರು ಮಾಡಿದೆ.

ಒಟ್ಟು 34 ಸರ್ಗ. ದಿನಕ್ಕೆ ಒಂದೇ ಅಂತ ಇಟ್ಟುಕೊಂಡೆ. ಅಮೆರಿಕದ ಕವಿ ಲಾಂಗ್‌ಫೆಲೋ 1867ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಭಾಷೆ ಹಳೆಯದು, ಆದರೆ ಜೋರಾಗಿ ಓದಿದರೆ ಹಿಡಿತಕ್ಕೆ ಬರುತ್ತದೆ. ಓದಿ ಮುಗಿಸಿ ಪುಸ್ತಕ ಮುಚ್ಚುತ್ತಿದ್ದೆ. ಕಣ್ಣಿಗೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಚಿತ್ರ ಮಾಡುತ್ತಿದ್ದೆ. ಅದರ ಕೆಳಗೆ ಎರಡು ಸಾಲು: ಡಾಂಟೆಗೆ ಏನಾಯಿತು, ನನಗೆ ಏನಾಯಿತು. ಟಿಪ್ಪಣಿ ನೋಡುತ್ತಿದ್ದದ್ದು ಆಮೇಲೆ. ಟಿಪ್ಪಣಿ ಬೇಡ ಅಂತಲ್ಲ, ಅದಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಡಾಂಟೆ ಹುಟ್ಟಿದ್ದು 1265ರಲ್ಲಿ, ಫ್ಲಾರೆನ್ಸ್‌ನಲ್ಲಿ. 1302ರಲ್ಲಿ ಊರು ಅವನನ್ನು ಹೊರಗೆ ಹಾಕಿತು. ಮತ್ತೆ ಊರು ಕಾಣದೆ 1321ರಲ್ಲಿ ರವೆನ್ನಾದಲ್ಲಿ ಸತ್ತ. ತನ್ನ ಊರಿನವರು, ಶತ್ರುಗಳು, ಪೋಪ್‌ಗಳು, ಎಲ್ಲರನ್ನೂ ಅವನು ನರಕದಲ್ಲಿ ಇಟ್ಟಿದ್ದಾನೆ. ಯಾರು ಯಾರು ಅಂತ ಗೊತ್ತಾಗಬೇಕಲ್ವಾ. ಆದರೆ ಟಿಪ್ಪಣಿ ಮೊದಲು ಬಂದರೆ ನಮಗೆ ಏನಾದರೂ ಅನ್ನಿಸುವ ಮುಂಚೆಯೇ ಉತ್ತರ ಸಿಕ್ಕಿಬಿಡುತ್ತದೆ.

ಚಿತ್ರ ಬರೆಯುವುದರಿಂದ ಎಷ್ಟು ಪ್ರಯೋಜನ ಅಂತ ತಿಳಿದದ್ದು 20ನೇ ಸರ್ಗದಲ್ಲಿ. ಅಲ್ಲಿ ಭವಿಷ್ಯ ಹೇಳುತ್ತಿದ್ದವರ ಕುತ್ತಿಗೆ ತಿರುಚಿಕೊಂಡು ಮುಖ ಬೆನ್ನ ಕಡೆಗೆ ಆಗಿದೆ. ಮುಂದಿನದನ್ನು ನೋಡಲು ಹೊರಟವರು, ಈಗ ಹಿಂದೆ ಹಿಂದೆ ನಡೆಯುತ್ತಾರೆ. ಇಷ್ಟು ಗೈಡಿನಲ್ಲೂ ಇತ್ತು. ಆದರೆ ಚಿತ್ರ ಬರೆಯಬೇಕಾದರೆ ಅವರ ಕಣ್ಣೀರು ಎಲ್ಲಿ ಬೀಳುತ್ತದೆ ಅಂತ ನಾನೇ ಗೆರೆ ಎಳೆಯಬೇಕು. ಬೆನ್ನ ಮೇಲೆ ಇಳಿದು ಅಂಡಿನ ಸೀಳಿನಲ್ಲಿ ಹರಿಯುತ್ತದೆ ಅಂತ ಡಾಂಟೆ ಬರೆದಿದ್ದಾನೆ. ಅಳುವುದಕ್ಕೂ ಮರ್ಯಾದೆ ಉಳಿದಿಲ್ಲ. ಡಾಂಟೆ ಬಂಡೆಗೆ ಒರಗಿ ಅತ್ತುಬಿಡುತ್ತಾನೆ. ನರಕದಲ್ಲಿ ಅವನಿಗೆ ದಾರಿ ತೋರಿಸುವ ಪ್ರಾಚೀನ ರೋಮಿನ ಕವಿ ವರ್ಜಿಲ್ ಅವನನ್ನು ಬೈಯುತ್ತಾನೆ, ನೀನೂ ಆ ಮೂರ್ಖರ ಹಾಗೆಯೇನು ಅಂತ. ಆ ದಿನ ನಾನು ಡಾಂಟೆಯ ಪಕ್ಷ.

ಹೀಗೆ ಪಾಪದ ರೂಪಕ್ಕೇ ತಕ್ಕ ಹಾಗೆ ಬರುವ ಶಿಕ್ಷೆಗೆ ‘ಕಾಂಟ್ರಪಾಸ್ಸೊ’ ಅನ್ನುತ್ತಾರೆ. ಇಡೀ ಕಾವ್ಯದಲ್ಲಿ ಈ ಪದ ಬರುವುದು ಒಂದೇ ಸಲ, 28ನೇ ಸರ್ಗದ ಕೊನೆಯ ಸಾಲಿನಲ್ಲಿ. ಹೇಳುವವನು ಬರ್ಟ್ರಾನ್ ದ ಬೋರ್ನ್ ಅನ್ನುವ ಕವಿ. ಇಂಗ್ಲೆಂಡಿನ ರಾಜನ ವಿರುದ್ಧ ಅವನ ಮಗನನ್ನೇ ಎತ್ತಿಕಟ್ಟಿದವನು. ಈಗ ತನ್ನ ಕಡಿದ ತಲೆಯನ್ನು ಕೂದಲು ಹಿಡಿದು ಲಾಟೀನಿನ ಹಾಗೆ ತೂಗಿಸಿಕೊಂಡು ನಡೆಯುತ್ತಾನೆ. ತಂದೆ ಮಗನನ್ನು ಬೇರೆ ಮಾಡಿದವನ ತಲೆ ಮೈಯಿಂದ ಬೇರೆಯಾಗಿದೆ. ಓದಿದ ತಕ್ಷಣ ನನ್ನ ಬಾಯಿಗೆ ಬಂದದ್ದು ‘ಮಾಡಿದ್ದುಣ್ಣೋ ಮಹರಾಯ’. ಆಮೇಲೆ ಆ ಮಾತನ್ನೇ ನೋಡುತ್ತಾ ಕೂತೆ. ಅದರಲ್ಲಿ ಬಡಿಯುವವರಿಲ್ಲ, ಬಡಿಸುವವರೂ ಇಲ್ಲ. ಮಾಡಿದ್ದು ಯಾವುದೋ ಅದೇ ಊಟ.

ಅಜ್ಜ ತೀರಿಕೊಂಡಾಗ ಮನೆಯಲ್ಲಿ ಗರುಡಪುರಾಣ ಓದಿಸಿದ್ದರು. ನಾನಾಗ ಆರನೇ ಕ್ಲಾಸು. ಯಮದೂತರು, ಕುದಿಯುವ ಎಣ್ಣೆ ಎಲ್ಲ ಕೇಳಿ ರಾತ್ರಿ ನಿದ್ದೆ ಬಂದಿರಲಿಲ್ಲ. ಅಲ್ಲೂ ಪಾಪಕ್ಕೆ ತಕ್ಕ ನರಕಗಳಿವೆ. ಡಾಂಟೆಯಲ್ಲೂ ಕೊಕ್ಕೆ ಹಿಡಿದ ದೆವ್ವಗಳಿವೆ, ಲಂಚಕೋರರನ್ನು ಕುದಿಯುವ ಡಾಂಬರಿನಲ್ಲಿ ಅದ್ದುತ್ತವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಹೆಚ್ಚಿನ ಜಾಗಗಳಲ್ಲಿ ಶಿಕ್ಷೆ ಕೊಡುವವರು ಯಾರೂ ಕಾಣಲಿಲ್ಲ. ಜನ ಮೇಲೆ ಏನು ಮಾಡುತ್ತಿದ್ದರೋ ಅದನ್ನೇ ಇಲ್ಲೂ ಮುಂದುವರಿಸುತ್ತಿದ್ದರು. ಇನ್ನೊಂದು ವ್ಯತ್ಯಾಸ ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು. ನಮ್ಮ ನರಕಕ್ಕೆ ಒಂದು ಕೊನೆ ಇದೆ. ಪಾಪ ಸವೆದ ಮೇಲೆ ಮತ್ತೆ ಹುಟ್ಟು. ಡಾಂಟೆಯ ನರಕದ ಬಾಗಿಲ ಮೇಲೆ, ಒಳಗೆ ಬರುವವರು ಎಲ್ಲ ಆಸೆ ಬಿಟ್ಟು ಬನ್ನಿ ಅಂತ ಬರೆದಿದೆ. ಆ ಬಾಗಿಲು ದಾಟಿದ ಮೇಲೂ ಎಷ್ಟೋ ಸರ್ಗಗಳವರೆಗೆ ನಾನು ‘ಇವರು ಎಂದು ಹೊರಗೆ ಬರುತ್ತಾರೆ’ ಅಂತ ಕಾಯುತ್ತಲೇ ಇದ್ದೆ.

7ನೇ ಸರ್ಗದಲ್ಲಿ ಸ್ಟಿಕ್ಸ್ ಅನ್ನುವ ಕೊಚ್ಚೆ ನೀರು ಬರುತ್ತದೆ. ಮೇಲೆ ಸಿಟ್ಟಿನವರು ಒಬ್ಬರನ್ನೊಬ್ಬರು ಕಚ್ಚಿ ಹರಿಯುತ್ತಿರುತ್ತಾರೆ. ಅಲ್ಲಲ್ಲಿ ಸುಮ್ನೆ ಗುಳ್ಳೆ ಏಳುತ್ತಿರುತ್ತದೆ. ಆ ಗುಳ್ಳೆಗಳ ಕೆಳಗೂ ಜನ ಇದ್ದಾರೆ. ಬಿಸಿಲು ಚೆನ್ನಾಗಿದ್ದಾಗ, ಗಾಳಿ ಹಿತವಾಗಿದ್ದಾಗ ಒಳಗೆ ಹೊಗೆ ತುಂಬಿಕೊಂಡು ಮುಖ ಗಂಟು ಹಾಕಿಕೊಂಡಿದ್ದವರು. ಈಗ ಕೆಸರಿನೊಳಗಿಂದ ಅದನ್ನೇ ಹೇಳಲು ನೋಡುತ್ತಾರೆ, ಗಂಟಲಲ್ಲಿ ಗುಳುಗುಳು ಅನ್ನುತ್ತದೆ ಹೊರತು ಮಾತು ಪೂರ್ತಿ ಆಗುವುದಿಲ್ಲ. ಡಿಗ್ರಿಯ ಕೊನೆಯ ವರ್ಷ ನಾನು ನಾಲ್ಕು ತಿಂಗಳು ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಅಮ್ಮ ತಟ್ಟೆ ಇಟ್ಟು ಹೋಗುತ್ತಿದ್ದರು. ಆ ದಿನ ಚಿತ್ರದಲ್ಲಿ ಬರೀ ಗುಳ್ಳೆಗಳು. ಕೆಳಗೆ ‘ಇದು ನಾನು’ ಅಂತ ಬರೆದೆ. ಟೇಬಲ್ಲಿನಲ್ಲಿ ಇವರಿಗೆ ಒಂದು ಸಾಲೂ ಕೊಟ್ಟಿರಲಿಲ್ಲ.

ಕಪಟಿಗಳ ಶಿಕ್ಷೆ ನನಗೆ ಅರ್ಥವಾದದ್ದು ಕಂಬಳಿಯಿಂದ. ಅಜ್ಜನ ಮನೆ ಮಲೆನಾಡು. ಮಳೆಗಾಲದಲ್ಲಿ ತೋಟದಿಂದ ಬಂದವರು ಬಿಚ್ಚಿಟ್ಟ ಒದ್ದೆ ಕಂಬಳಿಯನ್ನು ಚಿಕ್ಕವಳಿದ್ದಾಗ ಹೊದ್ದುಕೊಂಡು ನಡೆಯಲು ನೋಡಿದ್ದೆ. ನಾಲ್ಕು ಹೆಜ್ಜೆಗೆ ಮಂಡಿ ಬಾಗಿತ್ತು. 23ನೇ ಸರ್ಗದ ಕಪಟಿಗಳ ನಿಲುವಂಗಿ ಹೊರಗೆ ಕಣ್ಣು ಕುಕ್ಕುವ ಚಿನ್ನ, ಒಳಗೆ ಪೂರ್ತಿ ಸೀಸ. ಎಷ್ಟು ನಿಧಾನ ನಡೆಯುತ್ತಾರೆ ಅಂದರೆ ಡಾಂಟೆ ಒಂದೊಂದು ಹೆಜ್ಜೆ ಇಟ್ಟ ಹಾಗೂ ಪಕ್ಕದಲ್ಲಿ ಹೊಸಬರು ಇರುತ್ತಾರೆ. ಅವನ ಗಂಟಲು ಅಲ್ಲಾಡುವುದನ್ನು ನೋಡಿ, ಇವನು ಬದುಕಿರುವ ಹಾಗಿದೆ ಅಂತ ಅವರು ಗುರುತಿಸುತ್ತಾರೆ. ಭಾರಕ್ಕೆ ತಕ್ಕಡಿ ಕಿರುಗುಟ್ಟುವ ಹಾಗೆ ನಾವು ಕಿರುಗುಟ್ಟುತ್ತೇವೆ ಅನ್ನುತ್ತಾರೆ. ಒಳಗೊಂದು ಹೊರಗೊಂದು ಇಟ್ಟುಕೊಂಡು ಬದುಕುವುದು ಎಷ್ಟು ಸುಸ್ತಿನ ಕೆಲಸ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಸಿಟ್ಟು ಬಂದದ್ದು ಡಾಂಟೆಯ ಮೇಲೆ. 33ನೇ ಸರ್ಗ, ನರಕದ ತಳದಲ್ಲಿ ಹೆಪ್ಪುಗಟ್ಟಿದ ಕೊಸಿಟಸ್ ಸರೋವರ. ಅಲ್ಬೆರಿಗೊ ಅನ್ನುವವನು ಬಂಧುಗಳನ್ನು ಊಟಕ್ಕೆ ಕರೆದು, ‘ಹಣ್ಣು ತನ್ನಿ’ ಅನ್ನುವ ಸಂಕೇತ ಕೊಟ್ಟು ಕೊಲ್ಲಿಸಿದವನು. ಅವನ ಕಣ್ಣೀರು ಕಣ್ಣಿನಲ್ಲೇ ಮಂಜುಗಡ್ಡೆಯಾಗಿದೆ. ಅದನ್ನು ತೆಗೆದುಬಿಡು ಅಂತ ಬೇಡುತ್ತಾನೆ. ನೀನು ಯಾರು ಹೇಳು, ತೆಗೆಯದಿದ್ದರೆ ನಾನು ಮಂಜಿನ ತಳಕ್ಕೆ ಹೋಗುವಂತಾಗಲಿ ಅಂತ ಡಾಂಟೆ ಮಾತು ಕೊಡುತ್ತಾನೆ. ಅವನು ಹೇಳುತ್ತಾನೆ. ಡಾಂಟೆ ತೆಗೆಯುವುದಿಲ್ಲ. ಅವನ ಹತ್ತಿರ ಒರಟಾಗಿ ನಡೆದುಕೊಂಡದ್ದೇ ಸೌಜನ್ಯ ಅನ್ನುತ್ತಾನೆ. ಪುಸ್ತಕ ಮುಚ್ಚಿಟ್ಟೆ. ರೂಮ್‌ಮೇಟ್ ಕೇಳಿ, ‘ಮೋಸ ಮಾಡಿದವನಿಗೆ ಮೋಸಾನೇ ಸಿಕ್ತು, ಸರಿಯಾಗೇ ಇದೆಯಲ್ವಾ?’ ಅಂದಳು. ‘ಹಾಗಾದ್ರೆ ಮೋಸ ಮಾಡಿದ ಡಾಂಟೆ ಯಾರಾದ?’ ಅಂದೆ. ರಾತ್ರಿ ಒಂದು ಗಂಟೆಯ ತನಕ ಇದೇ ಮಾತು. 5ನೇ ಸರ್ಗದಲ್ಲಿ, ಕಾಮುಕರ ಬಿರುಗಾಳಿಯಲ್ಲಿ ಸಿಕ್ಕಿದ ಫ್ರಾಂಚೆಸ್ಕಾಳ ಪ್ರೇಮದ ಕಥೆ ಕೇಳಿ ಮೂರ್ಛೆ ಬಿದ್ದವನೂ ಇದೇ ಡಾಂಟೆ. ನರಕ ಅವನನ್ನೂ ಬದಲಾಯಿಸುತ್ತಿದೆ ಅಂತ ನನಗೆ ಹೊಳೆದದ್ದು ನನ್ನ ನೋಟ್‌ಬುಕ್ಕಿನ ಮೊದಲ ಸಾಲುಗಳನ್ನು ಒಂದರ ಕೆಳಗೊಂದು ಓದಿದಾಗ. ಅದು ಒಳ್ಳೆಯ ಬದಲಾವಣೆ ಅಂತ ನಾನು ಈಗಲೂ ಒಪ್ಪುವುದಿಲ್ಲ.

ಸೆಮಿನಾರಿಗೆ ಆರಿಸಿಕೊಂಡದ್ದು 13ನೇ ಸರ್ಗ. ತಮ್ಮ ಜೀವ ತಾವೇ ತೆಗೆದುಕೊಂಡವರು ಅಲ್ಲಿ ಮುಳ್ಳಿನ ಗಿಡಗಳಾಗಿದ್ದಾರೆ. ಡಾಂಟೆ ಗೊತ್ತಿಲ್ಲದೆ ಒಂದು ಟೊಂಗೆ ಮುರಿಯುತ್ತಾನೆ. ‘ಯಾಕೆ ನನ್ನನ್ನು ಮುರಿಯುತ್ತೀಯ?’ ಅಂತ ಗಿಡ ಕೇಳುತ್ತದೆ. ಹಸಿ ಸೌದೆಯ ಒಂದು ತುದಿ ಉರಿಯುವಾಗ ಇನ್ನೊಂದು ತುದಿಯಲ್ಲಿ ನೀರು ಜಿನುಗಿ ಸುಯ್ ಅನ್ನುತ್ತದಲ್ಲ, ಹಾಗೆ ಮಾತೂ ರಕ್ತವೂ ಒಟ್ಟಿಗೆ ಬಂದವು ಅಂತ ಡಾಂಟೆ ಬರೆಯುತ್ತಾನೆ. ಅಜ್ಜಿಯ ಬಚ್ಚಲೊಲೆಯ ಮುಂದೆ ಕೂತು ಆ ಸದ್ದನ್ನು ನಾನು ನೂರು ಸಲ ಕೇಳಿದ್ದೇನೆ. ತುದಿಯಲ್ಲಿ ಬಿಳಿ ನೊರೆ ಬರುತ್ತದೆ. ಇಟಲಿಯ ಏಳುನೂರು ವರ್ಷದ ಹಿಂದಿನ ಕವಿಯೂ ಅದೇ ಒಲೆಯ ಮುಂದೆ ಕೂತಿದ್ದ ಅನ್ನಿಸಿತು.

ಆ ಗಿಡ ಪಿಯೆರ್ ದೆಲ್ಲಾ ವಿನ್ಯಾ. ಎರಡನೇ ಫ್ರೆಡರಿಕ್ ಚಕ್ರವರ್ತಿಯ ಮಂತ್ರಿ. ದ್ರೋಹದ ಆಪಾದನೆ ಬಂದು ಸೆರೆಯಲ್ಲಿ ಜೀವ ಬಿಟ್ಟವನು. ನಾನು ದ್ರೋಹ ಮಾಡಿಲ್ಲ ಅಂತ ತನ್ನ ಬೇರುಗಳ ಮೇಲೆ ಆಣೆ ಮಾಡುತ್ತಾನೆ. ಮೈಯನ್ನು ತಾವೇ ಎಸೆದದ್ದರಿಂದ ಇವರಿಗೆ ಮೈ ವಾಪಸ್ ಸಿಗುವುದಿಲ್ಲ. ಕೊನೆಯ ತೀರ್ಪಿನ ದಿನ ಆ ಮೈಗಳನ್ನು ಎಳೆದು ತಂದು ಇದೇ ಮುಳ್ಳುಗಳಿಗೆ ನೇತುಹಾಕುತ್ತಾರಂತೆ. ನಮ್ಮ ಪಕ್ಕದ ಊರಿನಲ್ಲಿ ಸಾಲಕ್ಕೆ ಹೆದರಿ ಹೀಗೆ ಹೋದ ಒಬ್ಬರ ಮನೆಗೆ ಅಪ್ಪನ ಜೊತೆ ಹೋಗಿದ್ದೆ. ಅವರ ಚಪ್ಪಲಿ ಇನ್ನೂ ಜಗಲಿಯ ಕೆಳಗೇ ಇತ್ತು. ಈ ಶಿಕ್ಷೆ ಸರಿ ಅಂತ ನಾನು ಹೇಳಲಾರೆ ಅಂತ ಸೆಮಿನಾರಿನಲ್ಲಿ ನೇರವಾಗಿ ಹೇಳಿದೆ. ಇಲ್ಲಿ ಡಾಂಟೆಗೂ ಮಾತು ಹೊರಡುವುದಿಲ್ಲ. ಎದೆ ಕಲಕಿದೆ, ನೀನೇ ಕೇಳು ಅಂತ ವರ್ಜಿಲ್‌ಗೆ ಹೇಳುತ್ತಾನೆ.

ಮಾತು ಮುಗಿಸಿ ಕೂತ ಮೇಲೆ ಮೇಡಂ, ‘14ನೇ ಸರ್ಗದ ಮೊದಲ ಮೂರು ಸಾಲು ಓದಿ’ ಅಂದರು. ದಿನಕ್ಕೊಂದು ಸರ್ಗ ಅಂತ ಓದಿದ್ದರಿಂದ ಆ ಸಾಲುಗಳನ್ನು ನಾನು 13ಕ್ಕೆ ಸೇರಿಸಿ ನೋಡಿರಲಿಲ್ಲ. 13ರ ಕೊನೆಗೆ ಹೆಸರಿಲ್ಲದ ಒಬ್ಬ ಫ್ಲಾರೆನ್ಸಿನವನು ಪೊದೆಯಾಗಿದ್ದಾನೆ. ನಾಯಿಗಳಿಗೆ ಹೆದರಿ ಓಡುತ್ತಿದ್ದ ಇನ್ನೊಬ್ಬ ಪಾಪಿ ಆ ಪೊದೆಯ ಮರೆ ಸೇರಿದ್ದಾನೆ, ನಾಯಿಗಳು ಮೇಲೆ ಬಿದ್ದು ಎಲೆಗಳೆಲ್ಲ ಹರಿದು ಚೆಲ್ಲಿವೆ. ಆ ಎಲೆಗಳನ್ನು ನನ್ನ ಬುಡಕ್ಕೆ ಸೇರಿಸಿ ಅಂತ ಪೊದೆಯಾದವನು ಬೇಡುತ್ತಾನೆ. 14 ಶುರುವಾಗುವುದೇ ಅಲ್ಲಿಂದ. ಊರಿನ ಮೇಲಿನ ಪ್ರೀತಿ ಎಳೆಯಿತು ಅನ್ನುತ್ತಾ ಡಾಂಟೆ, ತನ್ನನ್ನು ಹೊರಗೆ ಹಾಕಿದ ಆ ಊರಿನವನ ಚೆಲ್ಲಿದ ಎಲೆಗಳನ್ನು ಆರಿಸಿ ಅವನಿಗೆ ಮರಳಿಸುತ್ತಾನೆ.