ಚೀಲ ಹರಿದ ಕಣ್ಣಿನಲ್ಲಿ ಲೆನ್ಸ್ ನಿಲ್ಲಿಸುವುದು: ನನ್ನ ಅನುಭವ

ಕಣ್ಣಿನ ಪೊರೆ ತೆಗೆಯುವಾಗ ಅದನ್ನು ಸುತ್ತಿರುವ ತೆಳು ಚೀಲ ಕೆಲವೊಮ್ಮೆ ಹರಿಯುತ್ತದೆ; ಆಗ ಕೃತಕ ಲೆನ್ಸನ್ನು ನಿಲ್ಲಿಸುವ ಬಗೆ ಇದು. ಮುಳ್ಳೇರಿಯ, ಬದಿಯಡ್ಕ ಕಡೆಯಿಂದ ಬರುವ ಹಿರಿಯರಲ್ಲಿ ಪೊರೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ, ಪಾಪೆಯ ಅಂಚಿನಲ್ಲಿ ಬೂದಿಯಂಥ ಪುಡಿ ಕಂಡರೆ, ತ್ರೀ-ಪೀಸ್ ಲೆನ್ಸನ್ನು (ನಡುವಿನ ಗಾಜಿಗೆ ಎರಡು ತೆಳು ಕಾಲುಗಳನ್ನು ಬೇರೆಯಾಗಿ ಜೋಡಿಸಿದ್ದು) ಮೊದಲೇ ಮೇಜಿನ ಮೇಲೆ ಇರಿಸಿಕೊಳ್ಳುತ್ತೇನೆ. ಅಂಥ ಕಣ್ಣಿನಲ್ಲಿ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ, ಚೀಲವನ್ನು ಹಿಡಿದಿಡುವ ಜೋನ್ಯೂಲಿನ ಎಳೆಗಳೂ ಸಡಿಲ.

ಹಿಂಚೀಲ (ಚೀಲದ ಹಿಂಗೋಡೆ) ಹರಿಯಿತೆಂದು, ಪೊರೆ ಒಡೆದು ಹೀರುವ ಪ್ರೋಬನ್ನು ಥಟ್ಟನೆ ಹೊರಗೆಳೆಯಬಾರದು. ಕಣ್ಣಿನ ಮುಂಕೋಣೆ ಕುಸಿದು ವಿಟ್ರಿಯಸ್ (ಕಣ್ಣಿನ ಹಿಂಭಾಗದ ಲೋಳೆ) ನುಗ್ಗುತ್ತದೆ, ಸಣ್ಣ ತೂತು ದೊಡ್ಡದಾಗುತ್ತದೆ. ಸೈಡ್ ಪೋರ್ಟಿನಿಂದ (ಪಕ್ಕದ ಸಣ್ಣ ಗಾಯದಿಂದ) ವಿಸ್ಕೋ ಎಂಬ ಅಂಟುದ್ರವ ತುಂಬಿದ ಮೇಲೆಯೇ ಪ್ರೋಬ್ ಹೊರಗೆ. ಟ್ರಯಾಮ್ಸಿನೊಲೋನ್ ಎಂಬ ಬಿಳಿ ಔಷಧಿಯನ್ನು ಒಳಗೆ ಬಿಟ್ಟರೆ ವಿಟ್ರಿಯಸ್ ಬೆಳ್ಳಗೆ ಕಾಣುತ್ತದೆ. ಅದನ್ನು ಕಟ್ಟರಿನಿಂದ ಕತ್ತರಿಸಬೇಕು, ಎಳೆದರೆ ರೆಟಿನಾ ಹರಿದೀತು. ನ್ಯೂಕ್ಲಿಯಸ್ (ಪೊರೆಯ ಗಟ್ಟಿ ತಿರುಳು) ತುಂಡು ಹಿಂದಕ್ಕೆ ಬಿದ್ದರೆ ಅದರ ಬೆನ್ನು ಹತ್ತುವುದಿಲ್ಲ. ಮುಂಭಾಗ ಸ್ವಚ್ಛಮಾಡಿ, ಗಾಯಕ್ಕೆ ಹೊಲಿಗೆ ಹಾಕಿ, ಮಂಗಳೂರಿನ ರೆಟಿನಾ ಸರ್ಜನರಲ್ಲಿಗೆ ಕಳಿಸುತ್ತೇನೆ.

ಮುಂಚೀಲದ (ಚೀಲದ ಮುಂಗೋಡೆಯ) ಅಂಚು ಸುತ್ತಲೂ ಗಟ್ಟಿಯಿದ್ದರೆ ಕೆಲಸ ಸುಲಭ. ಹ್ಯಾಪ್ಟಿಕ್ (ಲೆನ್ಸಿನ ಕಾಲು) ಎರಡೂ ಸಲ್ಕಸಿನಲ್ಲಿ (ಚೀಲದ ಮುಂದೆ, ಐರಿಸ್ ಎಂಬ ಬಣ್ಣದ ಪರದೆಯ ಹಿಂದಿನ ತೋಡಿನಲ್ಲಿ), 6 ಮಿ.ಮೀ. ಆಪ್ಟಿಕ್ (ಲೆನ್ಸಿನ ನಡುಭಾಗ) ಮಾತ್ರ 5 ಮಿ.ಮೀ. ರೆಕ್ಸಿಸಿನೊಳಕ್ಕೆ (ಮುಂಚೀಲದಲ್ಲಿ ತೆರೆದ ದುಂಡು ಕಿಂಡಿಯೊಳಕ್ಕೆ) ಒತ್ತಿ ಸಿಕ್ಕಿಸುವುದು. ಸಿಕ್ಕಿದರೆ ದುಂಡನೆಯ ರೆಕ್ಸಿಸ್ ಎಳೆದುಕೊಂಡು ಬಾದಾಮಿಯಾಕಾರ ತಾಳುತ್ತದೆ. ಸಿಕ್ಕಿಸದೆ ಸಲ್ಕಸಿನಲ್ಲೇ ಬಿಟ್ಟರೆ, ಸಾಮಾನ್ಯ ಪವರಿನ ಕಣ್ಣಿಗೆ ಲೆನ್ಸಿನ ಪವರನ್ನು 0.5ರಿಂದ 1 ಡಯಾಪ್ಟರ್ ಕಡಿಮೆ ಮಾಡಬೇಕು. ಸಿಂಗಲ್-ಪೀಸ್ ಅಕ್ರಿಲಿಕ್ ಲೆನ್ಸನ್ನು ಅಲ್ಲಿ ಇಡಲೇಬಾರದು. ಅದರ ದಪ್ಪ ಕಾಲು ಐರಿಸನ್ನು ಉಜ್ಜಿ ಬಣ್ಣ ಉದುರಿಸುತ್ತದೆ. ಉರಿಯೂತ, ರಕ್ತಸ್ರಾವ, ಕಣ್ಣಿನ ಒತ್ತಡ ಹಿಂದೆಯೇ ಬರುತ್ತವೆ.

ಚೀಲದ ಆಸರೆಯೇ ಇಲ್ಲದಿದ್ದರೆ ಯಮಾನೆ ವಿಧಾನ: ಹ್ಯಾಪ್ಟಿಕ್‌ಗಳನ್ನು ಹೊಲಿಗೆಯಿಲ್ಲದೆ ಸ್ಕ್ಲೀರಾದಲ್ಲಿ (ಕಣ್ಣಿನ ಬಿಳಿಗೋಡೆಯಲ್ಲಿ) ಸಿಕ್ಕಿಸುವುದು. ಲಿಂಬಸಿನಿಂದ (ಕಪ್ಪುಭಾಗ, ಬಿಳಿಭಾಗ ಸೇರುವ ಅಂಚಿನಿಂದ) 2 ಮಿ.ಮೀ. ದೂರದಲ್ಲಿ, ಸರಿಯಾಗಿ 180 ಡಿಗ್ರಿ ಎದುರುಬದುರು ಗುರುತು. ಇನ್ಫ್ಯೂಶನ್ (ಕಣ್ಣೊಳಗೆ ದ್ರವ ಹರಿಸುವುದು) ನಡೆಯುತ್ತಿರಬೇಕು; ಕಣ್ಣು ಮೆತ್ತಗಾದರೆ ಸೂಜಿ ದಾರಿ ತಪ್ಪುತ್ತದೆ. ಸೂಜಿ 30 ಗೇಜ್, ಆದರೆ ತೆಳುಗೋಡೆಯದ್ದು, ಮಾಮೂಲಿ 30ರೊಳಗೆ ಹ್ಯಾಪ್ಟಿಕ್ ಹೋಗದು. ಸ್ಕ್ಲೀರಾದೊಳಗೆ ಓರೆಯಾಗಿ ಸುರಂಗ ಕೊರೆದು, ಮೊದಲ ಹ್ಯಾಪ್ಟಿಕನ್ನು ಸೂಜಿಗೆ ಏರಿಸಿ ಅಲ್ಲೇ ಬಿಡುತ್ತೇನೆ. ಎರಡನೆಯದೇ ಕಷ್ಟ: ಅವಸರಪಟ್ಟರೆ ಹ್ಯಾಪ್ಟಿಕ್ ಮಡಚಿಹೋಗುತ್ತದೆ. ಎರಡೂ ಏರಿದ ಮೇಲೆ ಸೂಜಿಗಳನ್ನು ಒಟ್ಟಿಗೆ ಹೊರಗೆಳೆದು, ಹ್ಯಾಪ್ಟಿಕ್ ತುದಿಗೆ ಕಾಟರಿಯ (ಸುಡುವ ಉಪಕರಣದ) ಬಿಸಿ ತೋರಿಸಿ ಗುಂಡಿಯಂತೆ ಉಬ್ಬಿಸಿ, ಆ ಗುಂಡಿಯನ್ನು ಸ್ಕ್ಲೀರಾದೊಳಕ್ಕೇ ತಳ್ಳಬೇಕು. ಕಂಜಂಕ್ಟೈವಾದ (ಬಿಳಿಭಾಗವನ್ನು ಮುಚ್ಚುವ ತೆಳು ಪದರದ) ಕೆಳಗಷ್ಟೇ ಉಳಿದರೆ ಒಂದು ದಿನ ಅದನ್ನು ಕೊರೆದು ಹೊರಬಂದು ಸೋಂಕಿಗೆ ಬಾಗಿಲಾಗುತ್ತದೆ. ಎರಡು ಸುರಂಗಗಳ ಕೋನ ಒಂದೇ ಆಗಿರದಿದ್ದರೆ ಲೆನ್ಸ್ ವಾಲುತ್ತದೆ. ವಾಲಿದ ಲೆನ್ಸ್ ಕೊಡುವ ಅಸ್ಟಿಗ್ಮ್ಯಾಟಿಸಂ (ಬೆಳಕು ಒಂದೇ ಬಿಂದುವಿಗೆ ಸೇರದೆ ನೋಟ ಮಸುಕಾಗುವ ದೋಷ) ಕನ್ನಡಕದಿಂದ ಪೂರ್ತಿ ಹೋಗದು.

“ಡಾಕ್ಟ್ರೇ, ತೋಟಕ್ಕೆ ಯಾವಾಗ ಹೋಗ್ಬಹುದು?” ಎಂದು ಎಲ್ಲರೂ ಕೇಳುತ್ತಾರೆ. ದೋಟಿ ಹಿಡಿದು ಮೇಲೆ ನೋಡುತ್ತ ಅಡಿಕೆ ಕೊಯ್ಯುವುದು, ಮೂಟೆ ಹೊರುವುದು ಒಂದೂವರೆ ತಿಂಗಳು ಬೇಡವೆನ್ನುತ್ತೇನೆ. ಕಣ್ಣಲ್ಲಿ ಮಿಂಚು ಹೊಡೆದರೆ, ಪರದೆ ಇಳಿದಂತೆ ಕಂಡರೆ, ಅಥವಾ ನೋವು ಬಂದು ಕೆಂಪಾದರೆ ಮರುದಿನಕ್ಕೆ ಕಾಯದೆ ಅಂದೇ ಬರಬೇಕು.