ಆಟಿ ಮಳೆಯಲ್ಲಿ ನನ್ನ ಸಿಸೇರಿಯನ್ ಬಾಣಂತನ

ಸಿಸೇರಿಯನ್ ಆಗಿ ಐದನೇ ದಿನ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ತವರಿಗೆ ಬಂದೆ. ಆಟಿ ತಿಂಗಳು, ಬಿಡದ ಮಳೆ. ಬಚ್ಚಲಲ್ಲಿ ಹಂಡೆ ತುಂಬ ನೀರು ಕಾಯುತ್ತಿತ್ತು.

"ಹೊಟ್ಟೆಗೆ ಬಿಸಿನೀರು ಹೊಯ್ಯದೆ ಹೊಟ್ಟೆ ಇಳಿಯುವುದು ಹೇಗೆ ಮಗಾ?" ಅಂದರು ಅಜ್ಜಿ. ಅವರ ಐದು ಹೆರಿಗೆಯೂ ಸಹಜ. ನನಗಾದರೋ ಒಳಗೆ ಗರ್ಭಕೋಶಕ್ಕೂ ಹೊಲಿಗೆ. ಅದನ್ನು ಕೂತು ವಿವರಿಸಿದೆ. ಕೊನೆಗೆ ಒಪ್ಪಿದರು: ತಲೆಗೆ, ಬೆನ್ನಿಗೆ ಎಣ್ಣೆ, ಹೊಟ್ಟೆಗೆ ಬೇಡ. ನೀರು ಉಗುರುಬೆಚ್ಚಗೆ, ಹೆಗಲಿನಿಂದ ಇಳಿಯುವ ಹಾಗೆ.

ಕಷ್ಟವಾದದ್ದು ಹೊಲಿಗೆಯನ್ನು ಒಣಗಿಸಿಡುವುದು. ಆಟಿಯಲ್ಲಿ ಬಟ್ಟೆ ಒಣಗುವುದಿಲ್ಲ ಅಲ್ವಾ? ಅಮ್ಮ ನನ್ನ ಒಳಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕಿ ಕೊಡುತ್ತಿದ್ದರು. ಮಿಂದ ಮೇಲೆ ಶುದ್ಧ ಬಟ್ಟೆಯನ್ನು ಮೆಲ್ಲಗೆ ಒತ್ತಿ ಒರೆಸುತ್ತಿದ್ದೆ. ಅರಶಿನ ಕೂಡ ಹಚ್ಚಲಿಲ್ಲ. ಬಗ್ಗಿದರೂ ಕಾಣದ ಜಾಗ, ಹಾಗಾಗಿ ದಿನಾ ಕೈಗನ್ನಡಿ ಹಿಡಿದು ನೋಡುತ್ತಿದ್ದೆ. ಹತ್ತನೇ ದಿನ ಎಡತುದಿ ಕೆಂಪಾಗಿ, ಸ್ವಲ್ಪ ನೀರು ಜಿನುಗಿತ್ತು. ಜ್ವರ ಇರಲಿಲ್ಲ. ಆದರೂ ನಾಳೆ ನೋಡೋಣ ಅನ್ನದೆ ಅಂದೇ ಡಾಕ್ಟರ ಹತ್ತಿರ ಹೋದೆವು. ಮಾತ್ರೆಯಲ್ಲೇ ವಾಸಿಯಾಯಿತು.

ಏಳುವಾಗ ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈಯೂರಿ ಏಳುತ್ತಿದ್ದೆ. ಕೆಮ್ಮು ಬಂದರೆ ಹೊಟ್ಟೆಗೆ ತಲೆದಿಂಬು ಒತ್ತಿಕೊಳ್ಳುತ್ತಿದ್ದೆ. ಮಗುವಿಗಿಂತ ಭಾರದ್ದನ್ನು ಆರು ವಾರ ಎತ್ತಲಿಲ್ಲ. ಹಾಗಂತ ಸುಮ್ನೆ ಮಲಗಿಯೂ ಇರಲಿಲ್ಲ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಚಾವಡಿಯಲ್ಲೇ ದಿನಕ್ಕೆ ನಾಲ್ಕೈದು ಸಲ ನಡೆಯುತ್ತಿದ್ದೆ.

ಬಾಣಂತಿ ನೀರು ಕಡಿಮೆ ಕುಡಿಯಬೇಕು ಎಂಬ ಮಾತನ್ನು ಮಾತ್ರ ನಾನು ಕೇಳಲೇ ಇಲ್ಲ. ಹಾಲೂಡಿಸುವವಳಿಗೆ ಎಷ್ಟು ಬಾಯಾರಿಕೆ! ನೀರು ಸಾಲದೆ ಮಲ ಗಟ್ಟಿಯಾದರೆ, ತಿಣುಕುವಾಗ ಹೊಲಿಗೆ ಎಳೆದು ಜೀವ ಹೋದ ಹಾಗಾಗುತ್ತದೆ. ಜೀರಿಗೆ ನೀರು, ಕುಚ್ಚಲಕ್ಕಿ ಗಂಜಿ, ಬಸಳೆ, ಹೆಸರುಕಾಳು ಧಾರಾಳವಾಗಿ ಸೇವಿಸಿದೆ. ಕಬ್ಬಿಣದ ಮಾತ್ರೆ 180 ದಿನ ತಪ್ಪಿಸಲಿಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಇಂಗ್ಲಿಷ್, ಮಲಯಾಳ. ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಕಪಾಟಿಗೆ ಅಂಟಿಸಿದೆ: 100.4 ಡಿಗ್ರಿ ದಾಟಿದ ಜ್ವರ, ಗಂಟೆಯೊಳಗೆ ಪ್ಯಾಡ್ ಒದ್ದೆಯಾಗುವಷ್ಟು ರಕ್ತ, ಹೊಲಿಗೆಯಲ್ಲಿ ಕೀವು, ಒಂದೇ ಕಾಲಿಗೆ ಬಾವು, ಉಸಿರು ಕಟ್ಟುವುದು, ಕಣ್ಣು ಮಂಜಾಗುವ ತಲೆನೋವು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ. ಕೆಳಗೆ ಆಟೋದವರ ನಂಬರ್ ಮತ್ತು 108.

ಆಮೇಲೆ ರಾತ್ರಿ ಮಗು ಅತ್ತು ನಾನು ಎದ್ದಾಗಲೆಲ್ಲ ಅಜ್ಜಿಯೂ ಏಳುತ್ತಿದ್ದರು. ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ. ಎಲ್ಲಿ, ಕಾಲು ತೋರಿಸು" ಅನ್ನುತ್ತಿದ್ದರು.